ಬೆಳ್ಳಿ ದಾದಿಯ ಮೀಸೆ

ಯುದ್ಧಕಾಲದ ಅಂಚೆಚೀಟಿಗಳನ್ನು ಬೆಳ್ಳಿ ನಾಣ್ಯಗಳ ಮೇಲೆ ಮೂಡಿಸಿ, ಹಳೆಯದೆಂದರೆ ಬಾಯಿಬಿಡುವ ಸಂಗ್ರಹಕಾರರಿಗೆ ಮಾರುವುದೆಂದು ಟಂಕಸಾಲೆಯವರು ತೀರ್ಮಾನಿಸಿದಾಗ, ಅಚ್ಚು ಕೊರೆಯುವವನು ಒಳಗೊಳಗೇ ಹಿಗ್ಗಿದ. ಮೊದಲು ಆಯ್ಕೆಯಾದ ಚೀಟಿಯಲ್ಲಿ ಗಾಯಾಳುವಿಗೆ ಪಟ್ಟಿ ಸುತ್ತುತ್ತಿದ್ದ ಎಳೆಯ ದಾದಿ ಅವನ ಅತ್ತೆಯೇ. ಈಗ ಅವರಿಗೆ ತೊಂಬತ್ತು ದಾಟಿತ್ತು, ನಾಲಿಗೆಗೆ ಮಾತ್ರ ಇನ್ನೂ ವಯಸ್ಸಾಗಿರಲಿಲ್ಲ. ಮಗಳ ಮದುವೆಯಾದಂದಿನಿಂದ ಅವರು ಅಳಿಯನೊಡನೆ ನೇರವಾಗಿ ಒಂದು ಮಾತೂ ಆಡಿದವರಲ್ಲ. ಅವನು ಎದುರಿಗೇ ಕೂತಿದ್ದರೂ, "ನಿನ್ನ ಗಂಡನಿಗೆ ಹೇಳು, ಕಾಲು ತೆಗೀಲಿ" ಎಂದು ಮಗಳ ಮೂಲಕವೇ ರವಾನೆ. ಈ ನಾಣ್ಯವಾದರೂ ಆ ಮುಖವನ್ನು ತನ್ನತ್ತ ತಿರುಗಿಸೀತೆಂದು ಅವನು ಟೊಂಕ ಕಟ್ಟಿ ಕೂತ.

ಇದ್ದದ್ದನ್ನು ಇದ್ದ ಹಾಗೇ ಕೊರೆಯುವುದು ಅವನ ವ್ರತ. ಚೀಟಿಯ ಗರಗಸದಂಥ ಅಂಚಿನಲ್ಲೊಂದು ಹಲ್ಲು ಮುರಿದಿತ್ತು. ಅದನ್ನು ಮುರಿದಂತೆಯೇ ಕೊರೆದ. ಭೂತಗನ್ನಡಿಯಲ್ಲಿ ಅವನಿಗೆ ಕಾಣುತ್ತಿದ್ದದ್ದು ಸಾಸಿವೆಯಷ್ಟು ಜಾಗ. ಇಡೀ ಮುಖ ನೋಡುವ ಪುರುಸೊತ್ತು ಯಾರಿಗಿತ್ತು.

ಮೊದಲ ನಾಣ್ಯ ಒತ್ತಿ ತಂದಾಗ ಮೇಲ್ವಿಚಾರಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಇದೇನ್ರೀ, ನರ್ಸಮ್ಮನಿಗೆ ಮೀಸೆ?"

ಯಾರೋ ಲಕೋಟೆಗೆ ಅಂಟಿಸಿ ಕಳಿಸಿದ್ದ ಚೀಟಿ ಅದು. ಅಂಚೆಯವರ ಠಸ್ಸೆಯ ಎರಡು ಅಲೆಗೆರೆಗಳು ಸರಿಯಾಗಿ ದಾದಿಯ ಮೂಗಿನ ಕೆಳಗೇ ಬಿದ್ದಿದ್ದವು. ಅವನು ಅವನ್ನೂ ನಿಷ್ಠೆಯಿಂದ ಕೊರೆದಿದ್ದ.

"ಅಳಿಸಿ."

"ಉಕ್ಕಿನ ಅಚ್ಚು ಸಾರ್. ತೋಡಬಹುದು, ತುಂಬಕ್ಕಾಗಲ್ಲ."

"ಹಾಗಾದ್ರೆ ಇನ್ನೂ ತೋಡಿ. ಬಾಯಿ ಮೇಲೊಂದು ಮಾಸ್ಕ್ ಹಾಕಿ. ನರ್ಸ್ ತಾನೆ."

"ಮುಖ ಮುಚ್ಚಿದ್ರೆ ನಮ್ಮತ್ತೆ ಅಂತ ಯಾರಿಗೆ ಗೊತ್ತಾಗುತ್ತೆ?"

"ಮೀಸೆ ಇದ್ರೆ ಗೊತ್ತಾಗುತ್ತಾ?"

ಅವನು ಮತ್ತೆ ಅಚ್ಚಿನ ಕಡೆ ತಿರುಗಿದ. ಉಳಿ ಹುಡುಕುವಷ್ಟರಲ್ಲಿ ಬಾಗಿಲಲ್ಲಿ ಗಾಲಿಕುರ್ಚಿ ಕಿರುಗುಟ್ಟಿತು. ತಮ್ಮ ಮುಖ ಬೆಳ್ಳಿಯಾದದ್ದನ್ನು ನೋಡಲು ಅತ್ತೆ ಹೇಳಿದ ಹೊತ್ತಿಗಿಂತ ಮುಂಚೆಯೇ ಮಗಳಿಂದ ತಳ್ಳಿಸಿಕೊಂಡು ಬಂದುಬಿಟ್ಟಿದ್ದರು. ಮೇಲ್ವಿಚಾರಕ ನಾಣ್ಯವನ್ನು ಬೆನ್ನ ಹಿಂದೆ ಮರೆಮಾಡಿದ. ಅತ್ತೆ ಸುಮ್ಮನೆ ಅಂಗೈ ಚಾಚಿದರು. ಸೇನಾಪತಿಗಳಿಗೇ ಕಹಿ ಔಷಧಿ ಕುಡಿಸಿದ ಕೈ ಅದು. ಮೇಲ್ವಿಚಾರಕ ಯಾವ ಲೆಕ್ಕ. ನಾಣ್ಯ ಕೈಸೇರಿತು.

ಅಳಿಯ ತನ್ನ ಬೂಟಿನ ತುದಿ ನೋಡುತ್ತ ನಿಂತ. ಅತ್ತೆ ಕನ್ನಡಕ ಒರೆಸಿಕೊಂಡು, ನಾಣ್ಯವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಬಗ್ಗಿ ನೋಡಿದ ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಯಾಕೆ ನಗ್ತೀಯೆ? ನನಗೆ ಮೀಸೆ ಇತ್ತು ಕಣೇ. ಸಣ್ಣದು. ವಾರ್ಡಲ್ಲಿ ಎಲ್ಲ ಅದಕ್ಕೇ ಹೆದರ್ತಿದ್ದಿದ್ದು. ಚೀಟಿಗೆ ನನ್ನ ಚಿತ್ರ ಬರೆದೋನು ದೇಶದ ಮರ್ಯಾದೆ ಪ್ರಶ್ನೆ ಅಂತ ಚಿತ್ರದಲ್ಲಿ ಬೋಳಿಸಿಬಿಟ್ಟ. ಅವತ್ತಿಂದ ಆ ಚೀಟೀಲಿರೋಳು ಬೇರೆ ಯಾರೋ ಅನ್ನಿಸ್ತಿತ್ತು."

ಮೇಲ್ವಿಚಾರಕ ಗಂಟಲು ಸರಿಮಾಡಿಕೊಂಡ. "ಮಾಸ್ಕ್ ಹಾಕೋಣ ಅಂತಿದ್ವಿ, ಅಮ್ಮಾ."

"ನಿಮ್ಮ ಬಾಯಿಗೆ ಹಾಕ್ಕೊಳ್ಳಿ."

ಮಗಳು ಎಂದಿನಂತೆ ಅವರಿಬ್ಬರ ನಡುವೆ ಬಂದು, ಗಂಡನಿಗೆ ದಾಟಿಸಬೇಕಾದ ಮಾತಿಗೆ ಕಾದಳು. ಅತ್ತೆ ಅವಳನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದರು.

"ಅಳಿಯಂದ್ರೇ, ಚೆನ್ನಾಗಿ ಬಂದಿದೆ. ಬಲಗಡೆ ಸ್ವಲ್ಪ ತೆಳುವಾಯ್ತು."

"ತೋಡ್ತೀನಿ, ಅತ್ತೆ," ಎಂದವನೇ ಅವನು ಅಚ್ಚಿನ ಮುಂದೆ ಕೂತೇಬಿಟ್ಟ. ತುದಿಗೊಂದು ತಿರುವು ಕೊಡಲೇ ಎಂದು ಕೇಳಲು ಹೋಗಿ, ಮಾತು ಶುರುವಾದ ದಿನವೇ ಅಷ್ಟು ಸಲಿಗೆ ಬೇಡವೆಂದು ಸುಮ್ಮನಾದ.