ಹೋರಿ ನೆಕ್ಕಿದ ತೊಲೆ

ಮಲೆಯ ಮೇಲೆ ಅಣೆ ಕಟ್ಟುವ ಕೆಲಸಕ್ಕೆ ಹೋದ, ತಮಿಳು ಸೀಮೆಯ ಕಾಮಯಗೌಂಡನ್‌ಪಟ್ಟಿಯ ರಂಗಸಾಮಿ ಬಲಗಾಲನ್ನು ಬಂಡೆಯ ಕೆಳಗೆ ಬಿಟ್ಟು ಬಂದಿದ್ದ. ಒಂಟಿಗಾಲಿನವನು ನೇಗಿಲ ಹಿಂದೆ ಕುಂಟಿಕೊಂಡು ಬರಲೆಂದು ಯಾವ ಎತ್ತೂ ಕಾಯುವುದಿಲ್ಲ. ಹಾಗಾಗಿ ಹೆಂಡತಿ ವೀರಮ್ಮಾಳ್ ಏಲಕ್ಕಿ ತೋಟದ ಕೂಲಿಗೆ ಮಲೆ ಹತ್ತಬೇಕೆಂದು ಮನೆಯಲ್ಲಿ ಮಾತಾಗಿತ್ತು. ಹಾಗೆ ಹತ್ತಿದವರಲ್ಲಿ ಎಷ್ಟೋ ಜನ ಜ್ವರ ಬಂದು ಅಲ್ಲೇ ಮಣ್ಣಾಗಿದ್ದರು.

"ಕೊಟ್ಟಿಗೇಲೇ ಮರಗೆಲಸ ಹೂಡ್ತೀನಿ. ಊರಿಗೆಲ್ಲ ನೊಗ ಮಾಡಿಕೊಡ್ತೀನಿ. ನೀ ಹೋಗಬ್ಯಾಡ" ಎಂದ ರಂಗಸಾಮಿ.

"ಅದು ನಡೆದ್ರೆ ನಾ ಯಾಕೆ ಹೋಗ್ಲಿ ಮಾಮಾ?" ಎಂದಳು ಅವಳು ಗಂಡನಿಗೆ.

ಹಾಲು ಕರೆಯುವ ಹಸುವನ್ನೇ ಕೊಟ್ಟು ದಿಂಡಿಗಲ್ಲಿನ ಕಮ್ಮಾರನಿಂದ ಹತಾರ ತಂದ. ತರುವಾಗ ಏನು ಗತ್ತು! ಉಳಿಗಳನ್ನು ನೂಲಿಗೆ ಕಟ್ಟಿ ತೂಗಿ, ಮೊಳೆಯಿಂದ ಬಡಿದು ನಾದ ಕೇಳಿದ. ಬಾಚಿಯ ಅಲಗನ್ನು ಉಗುರಿಗೆ ಉಜ್ಜಿದ. ಗರಗಸವನ್ನು ಬಗ್ಗಿಸಿ, ನೆಟ್ಟಗಾಗುತ್ತದೋ ಇಲ್ಲವೋ ಎಂದು ಕಣ್ಣಿಟ್ಟ. ಉಳಿ ಕೊಳ್ಳಲು ಬಂದೆಯೋ ಹೆಣ್ಣು ನೋಡಲು ಬಂದೆಯೋ ಎಂದು ಕಮ್ಮಾರ ತಮಿಳಿನಲ್ಲಿ ಛೇಡಿಸಿದ. ಕಬ್ಬಿಣದ ಮಟ್ಟಿಗೆ ಅವನ ಆಯ್ಕೆಯಲ್ಲಿ ಒಂದು ಕೂದಲೆಳೆಯ ಕುಂದಿರಲಿಲ್ಲ.

ಮರ ಆರಿಸುವಾಗ ಮಾತ್ರ ಪುಣ್ಯಾತ್ಮ ತನ್ನ ಕಣ್ಣನ್ನು ನಂಬಲಿಲ್ಲ. ಕನ್ನಡ ಮಾತಾಡುವ ಅವನ ಕುಲದವರಿಗೆ ದೇವರಾವುಗಳ, ದೇವರಿಗೆ ಬಿಟ್ಟ ದನಗಳ, ಮಂದೆಯಿದೆ. ಅದರ ಪಟ್ಟದ ಹೋರಿ ಸತ್ತರೆ ಕಬ್ಬಿನ ರಾಶಿ ಹಾಕುತ್ತಾರೆ. ಮೊದಲು ಬಂದು ಬಾಯಿ ಹಾಕಿದ ಹೋರಿಗೇ ಪಟ್ಟ. ತಮ್ಮ ಅರಸನನ್ನೇ ದನಗಳು ಆರಿಸುವಾಗ ಅವುಗಳ ಹೆಗಲಿಗೇರುವ ಮರವನ್ನು ಮನುಷ್ಯ ಯಾಕೆ ಆರಿಸಬೇಕು? ಹೊಸ ಹೊನ್ನೆಯ ದಿಮ್ಮಿ, ಬೇವಿನ ದಿಮ್ಮಿ, ಪೆರಿಯಕುಳದಲ್ಲಿ ಕೆಡವಿದ ಯಾವುದೋ ಉಗ್ರಾಣದ ಹಳೆಯ ತೇಗದ ತೊಲೆ, ಮೂರನ್ನೂ ಪಟ್ಟದ ಹೋರಿ ಬರುವ ದಾರಿಯಲ್ಲಿ ಇಟ್ಟ.

ಹೋರಿ ಹೊನ್ನೆಯನ್ನು ಮೂಸಿತು, ಬೇವನ್ನು ಬಿಟ್ಟಿತು, ತೊಲೆಯನ್ನು ನೆಕ್ಕಿತು. ನೆಕ್ಕಿಯೇ ನೆಕ್ಕಿತು, ಎಳೆದರೂ ಬರಲೊಲ್ಲದು. ಹೆಂಗಸರು ನಾಲಗೆ ಹೊರಳಿಸಿ ಮಂಗಳದ ಕುಲವೆ ಕೂಗಿದರು. ರಂಗಸಾಮಿ ಸಂತೋಷಕ್ಕೆ ಗಳಗಳನೆ ಅತ್ತ.

ಆ ತೊಲೆಯನ್ನು ಸೀಳಿ ಮಾಡಿದ ನೊಗಗಳು ಚೆಲುವಾಗಿ ಬಂದವು. ಆದರೆ ದಿನ ಬೆಳಗಾದರೆ ಉಳಿಗಳಿಗೆ ತುಕ್ಕು. ಎಣ್ಣೆ ಹಚ್ಚಿ ಒರೆಸುತ್ತ ಇಬ್ಬನಿಯನ್ನು ಬೈದ. ಒಳ್ಳೆಯ ಉಳಿ ಸುಳ್ಳು ಹೇಳುವುದಿಲ್ಲ. ಅವನಿಗೆ ಕೇಳುವ ಕಿವಿ ಆಗ ಇರಲಿಲ್ಲ.

ದೀಪಾವಳಿಯ ಹೊತ್ತಿಗೆ ಐಪ್ಪಸಿ ತಿಂಗಳ ಮಳೆ ಹಿಡಿಯಿತು. ಊರಿನ ಹೊಲಗಳಲ್ಲಿ ನೊಗಗಳು ಬೆವರಿದವು. ಎತ್ತುಗಳ ಹೆಗಲು ಸುಲಿದು ಕೆಂಪು ಮಾಂಸ ಕಂಡಿತು. ಒಂದೊಂದೇ ನೊಗ ಹಿಂದೆ ಬಂದು ಕೊಟ್ಟಿಗೆಯ ಗೋಡೆಗೆ ಒರಗಿತು. ರಂಗಸಾಮಿ ಒಂದಕ್ಕೆ ನಾಲಗೆ ತಾಗಿಸಿದ. ಉಪ್ಪು! ಅದು ಉಪ್ಪಿನ ಉಗ್ರಾಣದ ತೊಲೆ.

ಒಂದು ನೊಗ ಹೊತ್ತು, ಕುಂಟುತ್ತ ಕುಲದ ಹಿರಿಯ ಗೋವಿಂದನ್ ಬಳಿಗೆ ಹೋದ. "ಅಯ್ಯಾ, ನೆಕ್ಕಿ ನೋಡಿ. ಹೋರಿ ಉಪ್ಪಿಗೆ ನಾಲಗೆ ಚಾಚಿತ್ತು, ಅಷ್ಟೇ."

"ದೇವರ ಹೋರಿಗೆ ಬಾಯಿಚಪಲ ಅಂತೀಯಾ?" ಮುದುಕ ಎದ್ದು ನಿಂತ. "ಹೋರಿ ಒಪ್ಪಿದ ಮರದಾಗೆ ತಪ್ಪಿರಾಕಿಲ್ಲ. ನಿನ್ ಕೈಯಾಗೆ ಅದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಅಲ್ಲಿದ್ದ ಒಬ್ಬನೂ ನೊಗಕ್ಕೆ ನಾಲಗೆ ತಾಗಿಸಲಿಲ್ಲ. ಆಮೇಲೆ ಒಬ್ಬನೂ ಅವನ ಬಾಗಿಲಿಗೆ ಬರಲಿಲ್ಲ.

ವೀರಮ್ಮಾಳ್ ಗಂಟು ಕಟ್ಟಿದಳು. ಹೊರಡುವ ಮುನ್ನ ಬಗ್ಗಿ ಒಂದು ನೊಗವನ್ನು ನೆಕ್ಕಿದಳು.

"ಉಪ್ಪೇ ಮಾಮಾ. ನಿಮ್ ಕೈ ನೆಟ್ಟಗೇ ಅದೆ."

"ಹಂಗಾರೆ ಹೋಗಬ್ಯಾಡ."

"ನಾನೊಬ್ಬಳು ಒಪ್ಪಿದ್ರೆ ಒಲೆ ಉರೀತದಾ?"

ಮಲೆಗೆ ಹೊರಟ ಗುಂಪಿನಲ್ಲಿ ಅವಳ ಸೀರೆ ತಿರುವಿನವರೆಗೂ ಕಂಡಿತು. ಅವಳು ಮರಳಿ ಬರುವುದಿಲ್ಲವೆಂದು ರಂಗಸಾಮಿಯ ಎದೆ ಹೇಳುತ್ತಿತ್ತು. ಆಗ ಪಟ್ಟದ ಹೋರಿ ಮಂದೆ ಬಿಟ್ಟು ಬಂದು, ಗೋಡೆಗೊರಗಿದ್ದ ನೊಗಗಳನ್ನು ಒಂದೊಂದಾಗಿ ನೆಕ್ಕತೊಡಗಿತು. ಅವನು ಉಳಿಯನ್ನು ಎತ್ತಿಕೊಂಡ, ಮತ್ತೆ ಕೆಳಗಿಟ್ಟ.

ದಾರಿಯಲ್ಲಿ ಹೋಗುತ್ತಿದ್ದವರು ನಿಂತು ಹೋರಿಗೆ ಕೈಮುಗಿದರು.