ಎದೆಯೆತ್ತರದ ಕುಂಕುಮ

ನಾನು ಒಂದು ಗರಗಸ. ಎರಡೂ ತುದಿಗೆ ಹಿಡಿ ಇರುವ, ಇಬ್ಬರು ಎದುರುಬದುರಾಗಿ ಎಳೆಯುವ, ಮರ ಕೊಯ್ಯುವ ಗರಗಸ. ಹಳಿಯಾಳದ ಒಬ್ಬ ಕಮ್ಮಾರ ನನ್ನನ್ನು ಕಾಯಿಸಿ, ಬಡಿದು, ಒಂದೊಂದೇ ಹಲ್ಲನ್ನು ಅರದಿಂದ ತೀಡಿದ. ಕೊಂಡವರ ಕೈಗೆ ಕೊಡುವಾಗ, ನೆಲಕ್ಕೆ ಹತ್ತಿರ ಹಿಡಿದು ಕೊಯ್ಯಿರಿ ಎಂದು ಹೇಳಿಯೇ ಕೊಟ್ಟ. ಆ ಮಾತನ್ನು ಕೇಳಿಸಿಕೊಂಡದ್ದು ನಾನೊಬ್ಬನೇ.

ಕೊಂಡವನು ಮರದ ಗುತ್ತಿಗೆದಾರ. ಅವನು ನನ್ನನ್ನು ದಾಂಡೇಲಿ ಕಾಡಿನಲ್ಲಿ ಮರ ಕಡಿಸುವ ಮೇಸ್ತ್ರಿ ಮಲ್ಲಾರಿಗೆ ಒಪ್ಪಿಸಿದ. ಮಲ್ಲಾರಿ ಕೆಟ್ಟವನಲ್ಲ. ಮರಕ್ಕೆ ಕೈಮುಗಿಯದೆ ನನ್ನನ್ನು ಮುಟ್ಟಿದವನಲ್ಲ. ಕುಂಕುಮ ಹಚ್ಚುತ್ತಿದ್ದ, ಕಾಯಿ ಒಡೆಯುತ್ತಿದ್ದ, ತಪ್ಪಾಯಿತು ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದ. ಕುಂಕುಮ ಹಚ್ಚಿದ ಜಾಗಕ್ಕಾಗಲಿ ಅದರ ಕೆಳಗಾಗಲಿ ಕಬ್ಬಿಣ ತಾಗಬಾರದು ಎಂಬುದು ಅವರ ಪದ್ಧತಿ. ಆಗಲಿ. ಆದರೆ ಈ ಮಹಾರಾಯ ಕುಂಕುಮ ಹಚ್ಚುತ್ತಿದ್ದದ್ದು ನಿಂತಲ್ಲೇ ಕೈ ಚಾಚಿ, ಎದೆಯೆತ್ತರಕ್ಕೆ! ಹಾಗಾಗಿ ನಾನು ಅದಕ್ಕಿಂತ ಮೇಲೆ ಕೊಯ್ಯಬೇಕು. ಮರದಲ್ಲಿ ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ಗಟ್ಟಿ ಭಾಗವೇ ಬುಡ. ಅದನ್ನು ಗೆದ್ದಲಿಗೆ ಬಿಟ್ಟು ಬರುವುದು. ವರ್ಷಗಟ್ಟಲೆ ಇದೇ ಕಥೆ. ನಾನು ಎಷ್ಟು ಕಿರಿಗುಟ್ಟಿದರೂ ಎಣ್ಣೆ ಹಚ್ಚಿ ಸುಮ್ಮನಾಗಿಸುತ್ತಿದ್ದರು.

ಒಂದು ಬೇಸಿಗೆ ಮಲ್ಲಾರಿಯ ಸ್ವಂತದ ಕೆಲಸವೇ ಬಂತು. ಅವನ ಊರಿನ ಹಳ್ಳಕ್ಕಿದ್ದ ಮರದ ಸಂಕ, ಜನ ದಾಟುವ ಕಾಲುಸೇತುವೆ, ಕೊಳೆತು ಬಿದ್ದಿತ್ತು. ಆಸ್ಪತ್ರೆ ಆಚೆ ದಡದಲ್ಲಿ. ಮಳೆ ಹಿಡಿದರೆ ದಾಟಲು ಬೇರೆ ದಾರಿಯಿಲ್ಲ. ಮಗಳು ಸಖೂಬಾಯಿ ಬಸುರಿ, ಹೆರಿಗೆ ಮಳೆಗಾಲದಲ್ಲೇ. ಸಂಕಕ್ಕೆಂದು ಒಂದೇ ಒಂದು ಮತ್ತಿಮರ ಕಡಿಯಲು ಅಪ್ಪಣೆ ಸಿಕ್ಕಿತು. ಮಲ್ಲಾರಿಯ ಹೆಂಡತಿ ತುಳಜವ್ವ ಹಳ್ಳದ ಅಗಲವನ್ನು ಹಗ್ಗದಲ್ಲಿ ಅಳೆದು ತಂದಳು. ಒಬ್ಬನನ್ನು ಮರ ಹತ್ತಿಸಿ ಆ ಹಗ್ಗ ಇಳಿಬಿಡಿಸಿದಳು. ನೆಲದಿಂದ ಕವಲಿನವರೆಗೆ ಅಳತೆ ಸರಿಯಾಗಿತ್ತು.

ಮಲ್ಲಾರಿ ಎಂದಿನಂತೆ ಕೈಮುಗಿದ. ಎಂದಿನಂತೆ ಎದೆಯೆತ್ತರಕ್ಕೆ ಕುಂಕುಮ ಹಚ್ಚಿದ. ಈ ಒಂದು ಸಲವಾದರೂ ಬಗ್ಗೋ ಮಾರಾಯ ಎಂದು ನಾನು ಹಲ್ಲು ಕಡಿದೆ. ಯಾರು ಕೇಳಬೇಕು? ಮರ ಉರುಳಿತು. ಎಳೆದು ತಂದು ಹಳ್ಳಕ್ಕೆ ಹಾಯಿಸಿದರೆ ಮೂರು ಮೊಳ ಕಡಿಮೆ. ಕವಲಿನ ಮೇಲಿನದು ಬೀಳುವಾಗಲೇ ಮುರಿದುಹೋಗಿತ್ತು. ಬೇಕಾದ ಮೂರು ಮೊಳ ಕಾಡಿನಲ್ಲಿ ಕುಂಕುಮ ಹಚ್ಚಿಕೊಂಡು ನಿಂತಿತ್ತು. ಇನ್ನೊಂದು ಮರ ಮುಂದಿನ ಬೇಸಿಗೆಗೇ ಎಂದು ಅಪ್ಪಣೆ ಕೊಟ್ಟವರು ಹೇಳಿದರು.

ಮಳೆಗೆ ಮೊದಲೇ ಸಖೂಬಾಯಿಯನ್ನು ಆಚೆ ದಡದ ನೆಂಟರ ಮನೆಗೆ ಕಳಿಸಿದರು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ತುಳಜವ್ವ ಹೋಗುವಂತಿರಲಿಲ್ಲ. ಹೆಣ್ಣು ಕೂಸು ಹುಟ್ಟಿತು. ಬಾಣಂತನ ಮಾಡಬೇಕಾದ ತಾಯಿ ಈಚೆ ದಡದಲ್ಲಿ ನಿಂತು, ಆಚೆಯವರು ಎತ್ತಿ ತೋರಿಸಿದ ಬಟ್ಟೆಯ ಗಂಟನ್ನು ನೋಡಿ ಬಂದಳು. ಮುಖ ಕಾಣಲಿಲ್ಲವಂತೆ.

ಮುಂದಿನ ಬೇಸಿಗೆ ಎರಡನೇ ಮರದ ಮುಂದೆ ಅವಳು ಗಂಡನ ಕೈಯಿಂದ ಕುಂಕುಮದ ಬಟ್ಟಲು ಕಸಿದುಕೊಂಡಳು. ಪದ್ಧತಿ ಬಿಡಬಾರದು ಎಂದು ಅವನು ಗೊಣಗಿದ.

“ನಾ ಎಲ್ಲಿ ಬಿಡಾಕತ್ತೇನಿ? ದೇವರಿಗೆ ಪಾದಪೂಜಿ ಮಾಡ್ತೇವಿ. ಗಿಡಕ್ಕೂ ಪಾದ ಅದಾವು” ಎಂದಳು. ಕುಕ್ಕರಗಾಲಲ್ಲಿ ಕೂತು ಬೇರಿಗೆ ಕುಂಕುಮ ಹಚ್ಚಿದಳು.

ಮಲ್ಲಾರಿ ಮಂಡಿಯೂರಿದ. ಹುಟ್ಟಿದ ಮೇಲೆ ಮೊದಲ ಸಲ ನನ್ನ ಹಲ್ಲಿಗೆ ಹುಲ್ಲು ತಾಗಿತು. ಸಂಕ ದಡದಿಂದ ದಡಕ್ಕೆ ಕೂತು ಇನ್ನೂ ಒಂದು ಗೇಣು ಉಳಿಯಿತು.

ಈಗ ನನಗೆ ವಯಸ್ಸಾಗಿದೆ. ಮಲ್ಲಾರಿಯ ಮನೆಯ ಜಂತಿಯಲ್ಲಿ ತುಕ್ಕು ಹಿಡಿದು ನೇತಾಡುತ್ತಿದ್ದೇನೆ. ಕಾಡಿಗೆ ಯಂತ್ರದ ಗರಗಸ ಬಂದಿದೆ. ಅದನ್ನು ಹಿಡಿದವರು ಕುಂಕುಮ ಹಚ್ಚುವುದಿಲ್ಲ. ಆದರೂ ಸೊಂಟದೆತ್ತರಕ್ಕೇ ಕೊಯ್ಯುತ್ತಾರಂತೆ. ನಾನು ಇಷ್ಟು ವರ್ಷ ಸುಮ್ಮನೆ ಕುಂಕುಮವನ್ನು ಬೈದೆ. ಬಗ್ಗದಿದ್ದದ್ದು ಮನುಷ್ಯರ ಬೆನ್ನು.

ಎರಡು ಮೂರು ಮೊಳ ಮರ ತಾನೇ, ಹೋದರೆ ಹೋಯಿತು ಎಂದು ಅವರು ಅನ್ನುತ್ತಾರಂತೆ. ಅಂಥವರು ತುಳಜವ್ವನನ್ನು ಕೇಳಲಿ. ಕೂಸು ಹುಟ್ಟಿದ ಆ ವರ್ಷ ನೀರಿಳಿದ ಮೇಲೆ ಅವಳು ಹಳ್ಳ ದಾಟಿ ಓಡಿ, ಮೊಮ್ಮಗಳಿಗೆ ಎರಡೂ ಕೈ ಚಾಚಿದಳು. ಕೂಸು ಇವಳಾರೋ ಎಂದು ಹೆದರಿ, ಬಾಣಂತನ ಮಾಡಿದ ನೆಂಟರಾಕೆಯ ಹೆಗಲಿಗೆ ಮುಖ ಒತ್ತಿಕೊಂಡು ಅತ್ತಿತು.