ನಾಲ್ಕು ಬಾಯಿಯ ಅಕ್ಕಿ

ಬಲಗೈಯ ಬೆರಳುಗಳನ್ನು ಅಗಲಿಸಿ ಅಕ್ಕಿಯ ಮೇಲೆ ಬಲವಾಗಿ ಒತ್ತಿದೆ. ಗುಡಾಣದ ಬಾಯೊಳಗೆ ನನ್ನ ತಲೆ ಅರ್ಧ ಇಳಿದಿತ್ತು. ಕೈ ಎತ್ತಿದಾಗ ಐದು ಬೆರಳು, ಅಂಗೈಯ ಗುಳಿ, ಕಿರುಬೆರಳಿನ ಸೊಟ್ಟ ಗೆಣ್ಣು, ಎಲ್ಲವೂ ಅಕ್ಕಿಯಲ್ಲಿ ಮೂಡಿದ್ದವು. ಇನ್ನು ಯಾರು ಒಂದು ಹಿಡಿ ತೆಗೆದರೂ ನನಗೆ ಗೊತ್ತಾಗುತ್ತದೆ. ನನ್ನ ಅತ್ತೆ ನನಗೂ ಹೀಗೇ ಮಾಡುತ್ತಿದ್ದಳು. ಆ ಕಾಲದಲ್ಲಿ ಅವಳನ್ನು ಮನಸ್ಸಿನಲ್ಲಿ ಬೈದಷ್ಟು ನಾನು ಇನ್ಯಾರನ್ನೂ ಬೈದಿಲ್ಲ.

"ಅತ್ತೆ, ಗುಡಾಣದೊಳಗೆ ಏನಾದ್ರೂ ಬಿತ್ತಾ?"

ಸೊಸೆ ಯೊನ್‌ಸಿಮ್ ಸೌದೆ ತಬ್ಬಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಹುಳ ಬಿದ್ದಿದೆಯಾ ಅಂತ ನೋಡ್ದೆ."

"ಈ ಚಳೀಲಿ ಹುಳಾನಾ?"

"ನಮ್ಮೂರ ಹುಳಕ್ಕೆ ಚಳಿ ಗಿಳಿ ಏನೂ ಇಲ್ಲ ಕಣೇ. ಹೋಗು, ಒಲೆ ನೋಡು."

ಹುಳ ಬಿದ್ದದ್ದು ಗುಡಾಣದಲ್ಲಲ್ಲ, ನನ್ನ ತಲೆಯಲ್ಲಿ. ಬಿಟ್ಟವಳು ಚರ್ಚಿಗೆ ಅಕ್ಕಿ ಚೀಲ ಹೊರುವ ನಾಮ್ ಅಜ್ಜಿ. ಅವತ್ತು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಅವಳು ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಮನೆ ಚೀಲ ಎತ್ತೋವಾಗ ನನ್ನ ಸೊಂಟವೇ ಹಿಡ್ಕೊಳ್ಳುತ್ತೆ ತಾಯಿ. ನಾಲ್ಕು ಬಾಯಿಗೆ ನಾಲ್ಕು ಚಮಚ, ಒಂದು ಹೊತ್ತೂ ತಪ್ಪಿಲ್ಲ. ದೇವರು ನಿಮ್ಮ ಗುಡಾಣ ತುಂಬಿಸಲಿ" ಎಂದಿದ್ದಳು.

ಗುಡ್ಡದ ಮೇಲಿನ ಚರ್ಚಿನ ಹೆಂಗಸರ ಪದ್ಧತಿ ಊರಿಗೆಲ್ಲ ಗೊತ್ತು. ಅಕ್ಕಿ ತೊಳೆಯುವ ಮೊದಲು ಮನೆಯಲ್ಲಿ ಎಷ್ಟು ಬಾಯಿಯೋ ಅಷ್ಟು ಚಮಚ ತೆಗೆದು ಒಂದು ಬಟ್ಟೆ ಚೀಲಕ್ಕೆ ಹಾಕುತ್ತಾರೆ. ಭಾನುವಾರ ಚೀಲಗಳೆಲ್ಲ ಗುಡ್ಡ ಹತ್ತುತ್ತವೆ. ಉಪದೇಶಿಯ ಮನೆ ಉಣ್ಣುವುದು ಅದನ್ನೇ, ಮಿಕ್ಕಿದ್ದು ಒಲೆ ಉರಿಯದ ಮನೆಗಳಿಗೆ. ಹಳೇ ಅಕ್ಕಿ, ಹೊಸ ಅಕ್ಕಿ, ಬಾರ್ಲಿ, ನವಣೆ ಎಲ್ಲ ಕಲೆತು ಉಪದೇಶಿಯ ಹೆಂಡತಿಯ ಪಾತ್ರೆಯಲ್ಲಿ ಒಂದು ಕಾಳು ಬೆಂದರೆ ಇನ್ನೊಂದು ಬೇಯುವುದಿಲ್ಲ ಎಂದು ಹೆಂಗಸರು ನಗುತ್ತಾರೆ. ನಾನೂ ನಕ್ಕಿದ್ದೇನೆ. ಆದರೆ ನಮ್ಮ ಮನೆಯ ಚೀಲವೊಂದು ಆ ಗುಡ್ಡ ಹತ್ತುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

ನಾನು ಕ್ರೈಸ್ತಳಲ್ಲ. ಬೆಳಗಾಗೆದ್ದು ಒಲೆಯ ತಾಯಿಗೆ ಒಂದು ಬಟ್ಟಲು ಹೊಸ ನೀರಿಡುತ್ತೇನೆ, ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ಸೊಸೆ ಭಾನುವಾರ ಹೋಗುತ್ತೇನೆ ಅಂದಾಗ ಹೋಗಲಿ ಎಂದು ಬಿಟ್ಟೆ. ಹಾಡು ಹಾಡಿ ಬಂದರೆ ನನ್ನ ಗುಡಾಣಕ್ಕೇನೂ ತೊಂದರೆಯಿಲ್ಲವಲ್ಲ.

ಮೂರು ದಿನ ಕಾದೆ. ನಮ್ಮ ಮನೆಯಲ್ಲಿ ಹೊತ್ತುಹೊತ್ತಿಗೆ ಅಕ್ಕಿ ಅಳೆದು ಸೋರೆಬುರುಡೆಗೆ ಹಾಕಿ ಸೊಸೆಯ ಕೈಗೆ ಕೊಡುವವಳು ನಾನೇ. ಅಳೆದ ಮೇಲೆ ಮತ್ತೆ ಕೈ ಒತ್ತುತ್ತಿದ್ದೆ. ಮುಂದಿನ ಹೊತ್ತಿಗೆ ಮುಚ್ಚಳ ತೆಗೆದರೆ ನನ್ನ ಕೈ ಹಾಗೇ ಇರುತ್ತಿತ್ತು, ಸೊಟ್ಟ ಕಿರುಬೆರಳಿನ ಸಮೇತ. ಮೂರು ದಿನವೂ ಒಂದು ಕಾಳು ಅಲುಗಿರಲಿಲ್ಲ. ನನಗೆ ಸಮಾಧಾನವಾಗುವ ಬದಲು ಸಿಟ್ಟು ಹೆಚ್ಚಿತು. ಹಾಗಾದರೆ ನಾಮ್ ಅಜ್ಜಿಯ ಸೊಂಟ ಹಿಡಿಯುವಷ್ಟು ಅಕ್ಕಿ ಎಲ್ಲಿಂದ ಬಂತು?

ಇಲ್ಲಿ ಯೊನ್‌ಸಿಮ್ ವಿಷಯ ಸ್ವಲ್ಪ ಹೇಳಬೇಕು. ಯುದ್ಧದಲ್ಲಿ ಅವಳ ಮನೆಯವರೆಲ್ಲ ಹೋದಾಗ ಅವಳಿಗೆ ಒಂಬತ್ತು ವರ್ಷ. ಹೊಟ್ಟೆಗಿಲ್ಲದೆ ಎರಡು ಚಳಿಗಾಲ ದಾಟಿದ ಹುಡುಗಿ. ನನ್ನ ದೊಡ್ಡ ಮಗ ಹಾಕ್ಸುವನ್ನು ಮದುವೆಯಾಗಿ ಬಂದ ತಿಂಗಳಲ್ಲೇ ಅವರ ಕೋಣೆಗೆ ಇಲಿ ಬಂದವು. ಹಾಸಿಗೆ ಕೊಡವಿದರೆ ತಳ ಹಿಡಿದ ಅನ್ನದ ಹಕ್ಕಳೆಗಳು ಒಣಗಿ ಉದುರಿದವು. ರವಿಕೆಯ ತೋಳಿನಲ್ಲೂ ಇದ್ದವು, ದಿಂಬಿನ ಹೊಟ್ಟಿನಲ್ಲೂ ಇದ್ದವು. ಎದುರಿಗೆ ಅನ್ನ ಇರುವಾಗಲೂ ಅವಳ ಕಣ್ಣು ನಾಳೆಯ ಬಟ್ಟಲನ್ನೇ ನೋಡುತ್ತಿತ್ತು. ಇಲ್ಲಿ ಯಾರೂ ನಿನ್ನ ಬಟ್ಟಲು ಕಸಿಯಲ್ಲ ಅಂತ ಒಮ್ಮೆ ಹೇಳಿದೆ. ತಲೆಯಾಡಿಸಿದಳು. ಮಾರನೆಯ ದಿನ ಮತ್ತೆ ತೋಳಿನಲ್ಲಿ ಹಕ್ಕಳೆ. ನಾನು ಯಾರಿಗೂ ಹೇಳಲಿಲ್ಲ. ಒಬ್ಬಳೇ ಕೊಡವಿ ಕೋಳಿಗೆ ಹಾಕುತ್ತಿದ್ದೆ.

ಈ ವರ್ಷ ಹಾಸಿಗೆ ಒಗೆಯುವಾಗ ಏನೂ ಉದುರಲಿಲ್ಲ. ಮೊನ್ನೆ ಪಕ್ಕದ ಮನೆಯ ಮಕ್ಕಳಿಗೆ ಹಕ್ಕಳೆ ಮುರಿದು ಹಂಚುತ್ತ ನಿಂತಿದ್ದಳು, ಬಾಯಲ್ಲೊಂದು ಹಾಡು ಬೇರೆ. ನಾನು ಕಣ್ಣುಜ್ಜಿಕೊಂಡು ನೋಡಿದೆ. ಮೂರು ವರ್ಷವಾಯಿತು, ಅಂತೂ ಈ ಮನೆ ಅವಳ ಮನೆಯಾಯಿತು ಎಂದುಕೊಂಡೆ. ಹೆಮ್ಮೆಯನ್ನು ಪೂರ್ತಿ ನಾನೇ ಇಟ್ಟುಕೊಂಡೆ.

ನಾಲ್ಕನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಉಪಾಯ ಹೊಳೆಯಿತು. ಗಂಡುಮಕ್ಕಳಿಬ್ಬರೂ ಒಳಕೋಣೆಯಲ್ಲಿ ಅವರ ಊಟದ ಮಣೆಯ ಮುಂದೆ ಕೂತಿದ್ದರು. ನಾವಿಬ್ಬರೂ ಒಲೆಯ ಪಕ್ಕ ಒಂದೇ ಮಣೆಯ ಮುಂದೆ. ಕಿಮ್ಚಿ, ಸಾರು, ಎರಡು ಬಟ್ಟಲು ಅನ್ನ. ನನ್ನದು ಗುಡ್ಡೆಯಾಗಿತ್ತು. ಅವಳದೂ ಗುಡ್ಡೆಯಾಗಿತ್ತು.

"ಇವತ್ತು ನಿನ್ನ ಬಟ್ಟಲು ಕೊಡು, ನನ್ನದು ನೀನು ತಗೋ. ನಂಗೆ ಬಿಸಿ ಜಾಸ್ತಿಯಾಯ್ತು" ಎಂದೆ.

"ಅಯ್ಯೋ ಬೇಡ ಅತ್ತೆ, ಇದೂ ಬಿಸೀನೇ!"

ಅವಳು ಬಟ್ಟಲನ್ನು ಎದೆಗೆ ಅವಚಿಕೊಂಡಳು. ನಾನು ಚಮಚ ಚಾಚಿ ಅವಳ ಅನ್ನದ ನಡುವಿಗೇ ಚುಚ್ಚಿದೆ. ಠಣ್ ಅಂತು.

ಅನ್ನ ಎರಡು ಬೆರಳಿನಷ್ಟು ದಪ್ಪವಿತ್ತು. ಅದರಡಿ ಸಾಸಿವೆ ಇಡುವ ಪುಟ್ಟ ತಟ್ಟೆಯೊಂದು ಬೋರಲಾಗಿ ಕೂತಿತ್ತು.

"ಏನಮ್ಮಾ ಅದು ಶಬ್ದ?" ಒಳಗಿನಿಂದ ಹಾಕ್ಸು ಕೂಗಿದ.

"ನಿನ್ನ ಹೆಂಡ್ತಿ ಪಿಂಗಾಣಿ ತಿಂತಿದಾಳೆ. ನೀನು ಊಟ ಮಾಡು."

ಯೊನ್‌ಸಿಮ್ ಕಿವಿಯವರೆಗೆ ಕೆಂಪಾದಳು. ನಾನು ತಟ್ಟೆಯನ್ನು ಎತ್ತಿ ಮಣೆಯ ಮೇಲಿಟ್ಟೆ.

"ಎಷ್ಟು ದಿನದಿಂದ?"

"ವಸಂತದಿಂದ."

"ನಾನು ಅಳೆದು ಕೊಟ್ಟ ಅಕ್ಕಿಯಿಂದ ತೆಗೀತೀಯ. ನಮ್ಮ ಮೂರು ಬಟ್ಟಲು ತುಂಬಿಸ್ತೀಯ. ಕಮ್ಮಿ ಬಿದ್ದದ್ದೆಲ್ಲ ನಿನ್ನ ಬಟ್ಟಲಿಗೆ. ಹೌದೋ ಅಲ್ವೋ?"

"ಹೌದು ಅತ್ತೆ. ನಿಮ್ಮದು ಮುಟ್ಟಿದ್ರೆ ಕಳ್ಳತನ ಆಗ್ತಿತ್ತು."

"ಹಾಗಾದ್ರೆ ನಿಂದೊಂದು ಚಮಚ ತೆಗೀಬೇಕಿತ್ತು. ನಾಲ್ಕು ಯಾಕೆ?"

"ಮನೇಲಿ ನಾಲ್ಕು ಬಾಯಿ ಇದೆಯಲ್ಲ. ನನ್ನ ಬಾಯಿ ಒಂದನ್ನೇ ಹೇಳಿ ನಿಮ್ಮನ್ನೆಲ್ಲ ಬಿಟ್ರೆ ಹೇಗೆ?"

"ನನ್ನ ಬಾಯಿದು ಕೊಡೋಕೆ ನಿಂಗ್ಯಾರು ಹೇಳಿದ್ದು? ನಿನ್ನ ದೇವರಿಗೆ ನನ್ನ ಗುರುತೇ ಇಲ್ಲ."

"ಈಗ ಇದೆ ಅತ್ತೆ. ದಿನಾ ಮೂರು ಹೊತ್ತು ನಿಮ್ಮ ಹೆಸರು ಹೇಳ್ತೀನಿ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಸ್ವಲ್ಪ ಹೊತ್ತು ಸಾರು ಕುಡಿದೆ.

"ಏನಂತ ಹೇಳ್ತೀಯ?"

"ಮಂಡಿನೋವು ಕಮ್ಮಿಯಾಗ್ಲಿ ಅಂತ."

"ಆಗಿಲ್ಲ."

"ಅತ್ತಿಗೇ, ಅಮ್ಮನ ಬಾಯಿಗೂ ಒಂದು ಪ್ರಾರ್ಥನೆ ಸೇರಿಸಿ!" ಒಳಗಿನಿಂದ ಚಿಕ್ಕ ಮಗ ಪಿಲ್‌ಹೋ. ಇಬ್ಬರೂ ಊಟ ಬಿಟ್ಟು ಕಾಗದದ ಬಾಗಿಲಿಗೆ ಕಿವಿಯಿಟ್ಟಿದ್ದರು, ನೆರಳು ಕಾಣುತ್ತಿತ್ತು. ನಾನು ಚಮಚ ಎಸೆದೆ. ನೆರಳು ಹಿಂದೆ ಸರಿಯಿತು.

"ಕೊಡಲೇಬೇಕು ಅಂತ ಆ ಉಪದೇಶಿ ಹೆದರಿಸಿದ್ನಾ?"

"ಇಲ್ಲ ಅತ್ತೆ. ಗದ್ದೆ ಇದ್ದೋರು ಕೊಯ್ಲಾದ್ಮೇಲೆ ದಶಮಾಂಶ ತರ್ತಾರೆ. ಹತ್ತು ಹೊರೇಲಿ ಒಂದು ಹೊರೆ. ಅವರ ಮುಖ ನೋಡಿದ್ದೆ, ಕಳೆದುಕೊಂಡೋರ ಮುಖ ಅಲ್ಲ ಅದು. ನಂಗೂ ಹಾಗೆ ನಿಲ್ಲಬೇಕು ಅನ್ನಿಸ್ತು. ಆದ್ರೆ ನಂದು ಅಂತ ಈ ಲೋಕದಲ್ಲಿ ಏನಿದೆ? ನನ್ನ ಬಟ್ಟಲು ಒಂದೇ." ಅವಳು ತಲೆ ತಗ್ಗಿಸಿ ಉಳಿದ ಅನ್ನವನ್ನು ಚಮಚದಿಂದ ಸಮ ಮಾಡುತ್ತಿದ್ದಳು. "ಮೊದಲ ದಿನ ತೆಗೆದೆ. ವಾಪಸ್ ಹಾಕ್ದೆ. ಮತ್ತೆ ತೆಗೆದೆ. ಚೀಲದ ಬಾಯಿ ಕಟ್ಟಿ ಓಡಿ ಬಂದೆ. ಆಮೇಲೆ ಉಣ್ಣೋಕೆ ಕೂತೆ. ಇರೋದನ್ನ ಉಂಡೆ. ಸಾಕು ಅನ್ನಿಸ್ತು ಅತ್ತೆ. ಒಂಬತ್ತು ವರ್ಷದವಳಾಗಿದ್ದಾಗಿಂದ ನಂಗೆ ಊಟ ಸಾಕು ಅನ್ನಿಸಿದ್ದು ಅದೇ ಮೊದಲು."

ನಾನು ಕಿಮ್ಚಿಯನ್ನು ಅವಳ ಕಡೆ ಸರಿಸಿದೆ.

"ಏನೂ ಇಲ್ಲದೋಳು ಕೊಡೋಕಾಗಲ್ಲ ಅಲ್ವಾ? ಕೊಟ್ಟೆ ಅಂದ್ರೆ ನಂಗೆ ಇದೆ ಅಂತ ಆಯ್ತು. ದಿನಾ ಮೂರು ಸಲ ಅದನ್ನ ನನ್ನ ಕೈಗೆ ಹೇಳಿಕೊಡ್ತೀನಿ. ನಾಳೆ ಇಲ್ಲದಿದ್ರೆ ಅನ್ನೋ ಹೆದರಿಕೆ ಈಗ ನಿದ್ದೇಲಿ ಬರಲ್ಲ. ನೀವು ಹಾಸಿಗೆ ಕೊಡವ್ತಿದ್ದದ್ದು ನಂಗೆ ಗೊತ್ತಿತ್ತು ಅತ್ತೆ. ಬೈತೀರಿ ಅಂತ ಕಾದೆ. ನೀವು ಒಂದು ದಿನಾನೂ ಬೈಲಿಲ್ಲ."

"ಬೈಯೋಕೆ ಪುರುಸೊತ್ತಿರಲಿಲ್ಲ" ಎಂದೆ. ನನ್ನ ಬಟ್ಟಲಿನಿಂದ ಅರ್ಧ ಅನ್ನ ಅವಳ ಬಟ್ಟಲಿಗೆ ಸುರಿದೆ. "ಉಣ್ಣು ಈಗ. ಮಾತಾಡಿದ್ರೆ ಇನ್ನಷ್ಟು ಹಾಕ್ತೀನಿ."

ಆ ಹೆಮ್ಮೆ ನನ್ನದಾಗಿರಲಿಲ್ಲವಲ್ಲ ಎಂದು ಮಧ್ಯಾಹ್ನವೆಲ್ಲ ಮುಖ ಊದಿಸಿಕೊಂಡು ಓಡಾಡಿದೆ. ನನ್ನ ಮೂರು ವರ್ಷದ ಅನ್ನಕ್ಕೆ ಆಗದ್ದು ಒಂದು ಚಮಚಕ್ಕೆ ಆಗಿತ್ತು. ಅವಳ ಕುತ್ತಿಗೆಯ ಮೂಳೆಗಳು ಎದ್ದು ಕಾಣುತ್ತಿದ್ದವು. ದಿನಾ ನೋಡುವ ಕುತ್ತಿಗೆಯನ್ನು ನಾನು ನೋಡಿರಲೇ ಇಲ್ಲ.

ಶನಿವಾರ ಕಣಜದ ಕೋಣೆಯಿಂದ ಹುಲ್ಲಿನಿಂದ ಹೆಣೆದ ಚೀಲದ ಮೂಟೆಯೊಂದನ್ನು ಅಂಗಳಕ್ಕೆ ಎಳೆಸಿದೆ. ಬಾರ್ಲಿಯಲ್ಲ, ಈ ವರ್ಷದ ಹೊಸ ಅಕ್ಕಿ. ನಮ್ಮ ಹಿರಿಯರ ಪೂಜೆಗೆಂದು ತೆಗೆದಿಟ್ಟದ್ದಕ್ಕೂ ಮೇಲಿನ ದರ್ಜೆಯದು. ಪಿಲ್‌ಹೋ ಅದನ್ನು ಬೆನ್ನಿಗೆ ಹೊರುವ ಮರದ ಚೌಕಟ್ಟಿಗೆ ಬಿಗಿಯುತ್ತ ಕೇಳಿದ:

"ಅಮ್ಮ ಯಾವಾಗ ಕ್ರೈಸ್ತಳಾದ್ಳು?"

"ಬಾಯ್ಮುಚ್ಚಿಕೊಂಡು ಹಗ್ಗ ಬಿಗಿ."

ಯೊನ್‌ಸಿಮ್‌ಳನ್ನು ಕರೆದೆ. ಒದ್ದೆ ಕೈಯಲ್ಲೇ ಓಡಿಬಂದಳು. ಮೂಟೆ ನೋಡಿ ನಿಂತುಬಿಟ್ಟಳು.

"ನಾಲ್ಕು ಬಾಯಿ, ಮೂರು ಹೊತ್ತು, ಪೂರ್ತಿ ವರ್ಷ. ಅದಕ್ಕಿಂತ ಜಾಸ್ತೀನೇ ಇದೆ. ಇವತ್ತೇ ಗುಡ್ಡ ಹತ್ತುತ್ತೆ. ವರ್ಷಾ ವರ್ಷಾ ಕೊಡ್ತೀನಿ, ನಾನು ಸತ್ರೆ ಹಾಕ್ಸು ಕೊಡ್ತಾನೆ. ಇನ್ನು ನೀನು ಚಮಚ ಮುಟ್ಟಬೇಡ. ಹೊಟ್ಟೆ ತುಂಬ ಉಣ್ಣು. ಆಯ್ತಲ್ಲ?"

ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಮೂಟೆಯ ಹುಲ್ಲನ್ನು ಮೆಲ್ಲಗೆ ಸವರಿದಳು. ಕಣ್ಣಲ್ಲಿ ನೀರಾಡಿತು. ಗೆದ್ದೆ ಎಂದುಕೊಂಡೆ.

"ಕಳಿಸಿ ಅತ್ತೆ" ಎಂದಳು. "ಉಪದೇಶಿಗಳ ಮಕ್ಕಳು ಒಂದು ಸಲವಾದ್ರೂ ಸಮವಾಗಿ ಬೆಂದ ಅನ್ನ ಉಣ್ಣಲಿ. ಆದ್ರೆ ಇದು ನಿಮ್ಮ ಮೂಟೆ. ನನ್ನ ಚಮಚದ ಬದಲಿಗೆ ಆಗಲ್ಲ."

"ಯಾಕಾಗಲ್ಲ? ಅಕ್ಕಿ ಅಕ್ಕೀನೇ ತಾನೆ?"

"ಇದನ್ನ ಕೊಟ್ರೆ ನನ್ನ ಬಟ್ಟಲಿಂದ ಏನೂ ಹೋಗಲ್ಲ. ಹೋಗದಿದ್ರೆ ನನ್ನ ಕೈಗೆ ಮರೆತುಹೋಗುತ್ತೆ. ಮತ್ತೆ ತೋಳಿಗೆ ತುರುಕೋಕೆ ಶುರುಮಾಡುತ್ತೆ. ನಂಗೆ ಗೊತ್ತು."

"ಎಲುಬು ಕಾಣ್ತಿದೆ ಕಣೇ ನಿಂಗೆ! ಊರೋರು ನನ್ನ ಮುಖಕ್ಕೆ ಉಗೀತಾರೆ."

"ತಟ್ಟೆ ಇನ್ನು ಇಡಲ್ಲ. ಗಂಡಸರಿಬ್ಬರ ಚಮಚಾನೂ ಬಿಡ್ತೀನಿ, ಬೇಕಾದ್ರೆ ಅವರವರೇ ಕೊಡಲಿ. ನಿಮ್ಮದೂ ನಿಮಗೇ ಬಿಟ್ಟಿದ್ದು. ನನ್ನದು ಒಂದೇ ಒಂದು."

"ಆ ಒಂದೇ ಒಂದಕ್ಕೆ ಬದಲಾಗಿ ಒಂದು ಮೂಟೆ ಕೊಡ್ತಿದೀನಲ್ಲೇ, ಹುಚ್ಚಿ!"

ಪಿಲ್‌ಹೋ ಹಗ್ಗ ಬಿಟ್ಟು ನಮ್ಮಿಬ್ಬರ ಮುಖವನ್ನು ಸರದಿಯಲ್ಲಿ ನೋಡಿದ. ಹಾಕ್ಸು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ. ಯೊನ್‌ಸಿಮ್ ಯಾರನ್ನೂ ನೋಡಲಿಲ್ಲ, ನನ್ನನ್ನು ಮಾತ್ರ ನೋಡಿದಳು, ಪ್ರೀತಿಯಿಂದಲೇ, ಕಣ್ಣು ತಗ್ಗಿಸದೆ.

"ಬೇಡ" ಎಂದಳು.